ಗೋಲು ಬಿಡದವರ ಲೆಕ್ಕ

(ಉಪನ್ಯಾಸವೊಂದರ ಬರಹರೂಪ)



ಮುಂಚೂಣಿ ಆಟಗಾರ ಹತ್ತು ಅವಕಾಶ ಹಾಳುಮಾಡಿ ಹನ್ನೊಂದನೆಯದರಲ್ಲಿ ಗೋಲು ಹೊಡೆದರೆ ಜನ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಗೋಲ್‌ಕೀಪರ್ ಹತ್ತು ಹೊಡೆತ ತಡೆದು ಹನ್ನೊಂದನೆಯದನ್ನು ಬಿಟ್ಟರೆ ಆ ಒಂದನ್ನೇ ಜೀವನಪರ್ಯಂತ ಎತ್ತಿ ಆಡುತ್ತಾರೆ. ಇಂಥ ಕೆಲಸ ಮಾಡಿದವರಿಗೆ ಎರಡು ಗುಣ ಬರುವುದು ಸಹಜ. ಒಂದು, ಇಡೀ ಅಂಗಳವನ್ನು ಹಿಂದಿನಿಂದ ಒಟ್ಟಾಗಿ ನೋಡುವ ಕಣ್ಣು. ಇನ್ನೊಂದು, ಯಾವುದನ್ನೂ ಅದೃಷ್ಟಕ್ಕೆ ಬಿಡಬಾರದೆಂಬ ಎಚ್ಚರ. ಈ ಎರಡನ್ನೇ ಬಂಡವಾಳ ಮಾಡಿಕೊಂಡು ಕ್ಲಬ್ಬಿನಿಂದ ಕ್ಲಬ್ಬಿಗೆ, ದೇಶದಿಂದ ದೇಶಕ್ಕೆ ತಿರುಗಿದ ಬೆಲ್ಜಿಯಂನ ರೇಮಂಡ್ ಗೋಥಾಲ್ಸ್ ಅವರ ಬಗ್ಗೆ ಇಂದು ಮಾತಾಡಬೇಕೆಂದಿದ್ದೇನೆ. ಎಚ್ಚರವೆಂಬ ಒಳ್ಳೆಯ ಗುಣವೇ ಎಲ್ಲಿ ಗೆರೆ ದಾಟುತ್ತದೆ ಎಂಬ ಪ್ರಶ್ನೆಯೂ ಅವರ ಕಥೆಯೊಳಗಿದೆ.

ಗೋಥಾಲ್ಸ್ ಹುಟ್ಟಿದ್ದು 1921ರ ಅಕ್ಟೋಬರ್ 7ರಂದು, ಬ್ರಸೆಲ್ಸ್ ನಗರಕ್ಕೆ ಸೇರಿದ ಫೊರೆಸ್ಟ್‌ನಲ್ಲಿ. ಡೇರಿಂಗ್ ಮೊದಲಾದ ಕ್ಲಬ್ಬುಗಳಿಗೆ ಗೋಲ್‌ಕೀಪರ್ ಆಗಿದ್ದರು. ಆಟಗಾರರಾಗಿ ಅಂಥ ದೊಡ್ಡ ಹೆಸರೇನೂ ಬರಲಿಲ್ಲ. ಸಣ್ಣ ಕ್ಲಬ್ಬುಗಳಲ್ಲಿ ತರಬೇತಿಯ ಕೆಲಸ ಕಲಿತರು. 1959ರಲ್ಲಿ ಸಿಂಟ್ ಟ್ರುಡನ್ ಎಂಬ ಸಾಧಾರಣ ಕ್ಲಬ್ಬಿಗೆ ಬಂದು, 1966ರಲ್ಲಿ ಅದನ್ನು ಬೆಲ್ಜಿಯಂ ಲೀಗ್‌ನ ಎರಡನೆಯ ಸ್ಥಾನಕ್ಕೆ ತಂದು ನಿಲ್ಲಿಸಿದರು.

ಅವರ ಅಸ್ತ್ರ ಆಫ್‌ಸೈಡ್ ಬಲೆ. ನಿಯಮ ಗೊತ್ತಿಲ್ಲದವರಿಗಾಗಿ ಒಂದು ಮಾತು: ಎದುರಾಳಿಯ ಅರ್ಧಭಾಗದೊಳಗೆ ನುಗ್ಗಿದ ಆಟಗಾರನಿಗೂ ಗೋಲಿನ ಗೆರೆಗೂ ನಡುವೆ, ಅವನ ಕಡೆಯವನು ಚೆಂಡು ಒದೆಯುವ ಕ್ಷಣದಲ್ಲಿ, ಸಾಮಾನ್ಯವಾಗಿ ಇಬ್ಬರು ಎದುರಾಳಿಗಳಾದರೂ ಇರಬೇಕು. ಅವರಲ್ಲೊಬ್ಬ ಬಹುಮಟ್ಟಿಗೆ ಗೋಲ್‌ಕೀಪರ್. ಆದ್ದರಿಂದ ರಕ್ಷಣೆಯ ಸಾಲು ಸರಿಯಾದ ಕ್ಷಣದಲ್ಲಿ ಒಟ್ಟಾಗಿ ಮುಂದೆ ಸರಿದುಬಿಟ್ಟರೆ ದಾಳಿಗಾರ ತಾನಾಗಿಯೇ ತಪ್ಪಿನ ಜಾಗದಲ್ಲಿ ನಿಂತಿರುತ್ತಾನೆ. ಒಬ್ಬ ಅರೆಕ್ಷಣ ತಡಮಾಡಿದರೂ ಬಲೆ ಹರಿಯಿತು. ನಾಲ್ವರ ಹೆಜ್ಜೆ ಒಂದೇ ಆಗುವಂತೆ ಮಾಡಲು ಹಿಂದಿನಿಂದ ನೋಡಿ ಪಳಗಿದ ಕಣ್ಣೇ ಬೇಕು.

1968ರಲ್ಲಿ ಅವರು ರಾಷ್ಟ್ರೀಯ ತಂಡದ ಹೊಣೆ ಹೊತ್ತರು. ಬೆಲ್ಜಿಯಂ 1970ರ ವಿಶ್ವಕಪ್‌ಗೆ ಹೋಯಿತು. 1972ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಇಟಲಿಯನ್ನು ಹೊರಗಟ್ಟಿ ಮೂರನೆಯ ಸ್ಥಾನ ಪಡೆಯಿತು. ಆಮೇಲೆ ಬಂದದ್ದು 1974ರ ವಿಶ್ವಕಪ್‌ನ ಅರ್ಹತಾ ಪಂದ್ಯಗಳು. ಐಸ್‌ಲ್ಯಾಂಡ್, ನಾರ್ವೆ, ಹಾಲೆಂಡ್ ವಿರುದ್ಧ ಒಟ್ಟು ಆರು ಪಂದ್ಯ. ಬೆಲ್ಜಿಯಂ ಹೊಡೆದ ಗೋಲುಗಳು 12, ಬಿಟ್ಟುಕೊಟ್ಟದ್ದು ಸೊನ್ನೆ. ಗೋಲ್‌ಕೀಪರ್ ಆಗಿದ್ದವರಿಗೆ ಇದಕ್ಕಿಂತ ಸುಂದರ ಲೆಕ್ಕ ಇನ್ನೇನಿದೆ? ಆದರೂ ಬೆಲ್ಜಿಯಂ ಮನೆಯಲ್ಲೇ ಉಳಿಯಿತು. ಹಾಲೆಂಡ್‌ಗೂ ಅಷ್ಟೇ ಅಂಕಗಳಿದ್ದವು. ಗೋಲುಗಳ ಅಂತರದಲ್ಲಿ ಅದು ಮುಂದಿತ್ತು.

ಕೊನೆಯ ಪಂದ್ಯ 1973ರ ನವೆಂಬರ್ 18ರಂದು ಆಮ್‌ಸ್ಟರ್‌ಡ್ಯಾಂನಲ್ಲಿ ನಡೆಯಿತು. ಪಂದ್ಯ ಮುಗಿಯುವ ಹೊತ್ತಿಗೆ ಬೆಲ್ಜಿಯಂನ ಯಾನ್ ವೆರ್‌ಹೈಯನ್ ಚೆಂಡನ್ನು ಗೋಲಿಗೆ ಸೇರಿಸಿದ. ರೆಫರಿ ಆಫ್‌ಸೈಡ್ ಎಂದು ಸೀಟಿ ಊದಿದ. ಆಫ್‌ಸೈಡ್ ಆಗಿರಲಿಲ್ಲವೆಂದು ಆಮೇಲೆ ಚಿತ್ರಗಳು ತೋರಿಸಿದವು. ಆಫ್‌ಸೈಡ್ ಬಲೆ ಬೀಸುವುದನ್ನೇ ವಿದ್ಯೆ ಮಾಡಿಕೊಂಡಿದ್ದವರನ್ನು ಇಲ್ಲದ ಆಫ್‌ಸೈಡೊಂದು ಕೆಡವಿತು. ಆ ಹಾಲೆಂಡ್ 1974ರ ವಿಶ್ವಕಪ್‌ನ ಫೈನಲ್‌ವರೆಗೆ ಹೋಯಿತು.

ರಾಷ್ಟ್ರೀಯ ತಂಡ ಬಿಟ್ಟ ಮೇಲೆ ಅವರ ನಿಜವಾದ ತಿರುಗಾಟ ಶುರುವಾಯಿತು. 1976ರಲ್ಲಿ ಆಂಡರ್‌ಲೆಖ್ಟ್‌ಗೆ ಬಂದು, 1978ರ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಆಸ್ಟ್ರಿಯಾ ವಿಯೆನ್ನಾ ತಂಡವನ್ನು 4–0ರಿಂದ ಸೋಲಿಸಿದರು. ಆಮೇಲೆ ಫ್ರಾನ್ಸಿನ ಬೋರ್ಡೊ, ಮತ್ತೆ ಬೆಲ್ಜಿಯಂನ ಸ್ಟಾಂಡರ್ಡ್ ಲಿಯೇಜ್. ಮೈಮೇಲೆ ರೇನ್‌ಕೋಟು, ಬೆರಳ ನಡುವೆ ಸಿಗರೇಟು, ಬ್ರಸೆಲ್ಸ್‌ನ ಬೀದಿಯ ವಾಸನೆ ಬಿಡದ ಫ್ರೆಂಚು. ಎದುರಾಳಿಗಳ ಹೆಸರನ್ನಂತೂ ಬಾಯಿಗೆ ಬಂದಂತೆ ತಿರುಚುತ್ತಿದ್ದರು. ಅವರ ಆಟವನ್ನು ಮಾತ್ರ ಅಂಗೈಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಅದಕ್ಕೇ ಜನ ಅವರನ್ನು ‘ಶಾಸ್ತ್ರಜ್ಞ ರೇಮಂಡ್’ ಎಂಬರ್ಥದಲ್ಲಿ ಕರೆಯುತ್ತಿದ್ದರು.

ಇನ್ನು ಗೆರೆ ದಾಟಿದ ಪ್ರಸಂಗ. 1982ರ ಮೇ ತಿಂಗಳಲ್ಲಿ ಸ್ಟಾಂಡರ್ಡ್ ತಂಡದ ಮುಂದೆ ಎರಡು ಗುರಿಗಳಿದ್ದವು. ಲೀಗ್‌ನ ಕೊನೆಯ ಪಂದ್ಯ ವಾಟರ್‌ಸ್ಕೈ ಎಂಬ ತಂಡದ ವಿರುದ್ಧ. ಅದಾದ ಕೆಲವೇ ದಿನಗಳಲ್ಲಿ, ಮೇ 12ರಂದು, ಬಾರ್ಸಿಲೋನಾ ವಿರುದ್ಧ ಕಪ್ ವಿನ್ನರ್ಸ್ ಕಪ್ ಫೈನಲ್. ಪ್ರಶಸ್ತಿಯೂ ತಪ್ಪಬಾರದು, ಆಟಗಾರರಿಗೆ ಪೆಟ್ಟೂ ಆಗಬಾರದು. ತಂಡದ ನಾಯಕ ಎರಿಕ್ ಗೆರೆಟ್ಸ್ ಮೂಲಕ ವಾಟರ್‌ಸ್ಕೈ ಆಟಗಾರರಿಗೆ ಹಣ ತಲುಪಿತು; ಮೆತ್ತಗೆ ಆಡಿದರೆ ಸಾಕು ಎಂಬುದು ಒಪ್ಪಂದ. ಸ್ಟಾಂಡರ್ಡ್ ಲೀಗ್ ಗೆದ್ದಿತು. ಫೈನಲ್‌ನಲ್ಲಿ 1–2ರಿಂದ ಸೋತಿತು. ಎರಡು ವರ್ಷದ ನಂತರ, 1984ರಲ್ಲಿ, ಕ್ಲಬ್ಬುಗಳ ಕಪ್ಪುಹಣದ ತನಿಖೆಯಲ್ಲಿ ಈ ಗುಟ್ಟು ಹೊರಬಿತ್ತು. ಗೋಥಾಲ್ಸ್ ಅವರ ಹೆಸರೂ ಅದರಲ್ಲಿ ಸಿಕ್ಕಿಕೊಂಡಿತು. ಸ್ಟಾಂಡರ್ಡ್ ಬಿಟ್ಟು ಅವರು ಪೋರ್ಚುಗಲ್‌ನ ಗಿಮರೈಸ್ ಕ್ಲಬ್ಬಿಗೆ ಹೋದರು.

ತಿರುಗುವ ವ್ಯವಸ್ಥಾಪಕನ ಬದುಕಿನ ಸವಲತ್ತೂ ಇದೇ, ಶಾಪವೂ ಇದೇ. ಒಂದೂರಿನಲ್ಲಿ ಬಾಗಿಲು ಮುಚ್ಚಿದರೆ ಇನ್ನೊಂದೂರಿನಲ್ಲಿ ತೆರೆಯುತ್ತದೆ. ಮತ್ತೆ ಬೆಲ್ಜಿಯಂಗೆ ಬಂದು ಆಂಡರ್‌ಲೆಖ್ಟ್‌ಗೆ ಕಪ್ ಗೆದ್ದುಕೊಟ್ಟರು. ಮತ್ತೆ ಬೋರ್ಡೊ. 1991ರ ಆರಂಭದಲ್ಲಿ, ಬೆಕೆನ್‌ಬಾಯರ್ ಬಿಟ್ಟುಕೊಟ್ಟ ಜಾಗಕ್ಕೆ ಮಾರ್ಸೇಯ ಕ್ಲಬ್ಬಿನ ಅಧ್ಯಕ್ಷ ಬರ್ನಾರ್ ತಾಪೀ ಅವರನ್ನು ಕರೆಸಿದ. ಆ ವರ್ಷವೇ ಯುರೋಪಿಯನ್ ಕಪ್ ಫೈನಲ್ ತಲುಪಿ ರೆಡ್ ಸ್ಟಾರ್ ಬೆಲ್‌ಗ್ರೇಡ್ ಎದುರು ಪೆನಾಲ್ಟಿಗಳಲ್ಲಿ ಸೋತರು.

1993ರ ಮೇ 26ರಂದು, ಮ್ಯೂನಿಕ್‌ನಲ್ಲಿ, ಮಿಲಾನ್ ವಿರುದ್ಧ ಮತ್ತೊಂದು ಫೈನಲ್. ಅದಕ್ಕೆ ಆರು ದಿನ ಮೊದಲು ವಾಲೆನ್ಸಿಯೆನ್ ತಂಡದೊಡನೆ ಲೀಗ್ ಪಂದ್ಯವಿತ್ತು. ಹನ್ನೊಂದು ವರ್ಷದ ಹಿಂದಿನ ಕಥೆಯೇ ಮರುಕಳಿಸಿತು. ಮೆತ್ತಗೆ ಆಡಿ, ನಮ್ಮವರಿಗೆ ಪೆಟ್ಟು ಮಾಡಬೇಡಿ ಎಂದು ಎದುರು ತಂಡದ ಮೂವರಿಗೆ ಹಣದ ಆಮಿಷ ಹೋಯಿತು. ಅವರಲ್ಲಿ ಜಾಕ್ ಗ್ಲಾಸ್‌ಮನ್ ಒಲ್ಲೆನೆಂದು ವಿಷಯವನ್ನು ಬಯಲು ಮಾಡಿದ. ಮುಂದೆ, ಇನ್ನೊಬ್ಬ ಆಟಗಾರನ ಸಂಬಂಧಿಕರ ತೋಟದಲ್ಲಿ ಹೂತಿಟ್ಟಿದ್ದ 2,50,000 ಫ್ರಾಂಕ್ ಸಿಕ್ಕಿತು.

ಫೈನಲ್ ಏನಾಯಿತು? ಮಾರ್ಸೇಯ ರಕ್ಷಣಾ ಆಟಗಾರ ಬಾಸಿಲ್ ಬೋಲಿ ಮಂಡಿನೋವಿನಿಂದ ಹೊರಗೆ ಬರುತ್ತೇನೆಂದ. ಮೈದಾನದಲ್ಲೇ ಉಳಿಯುವಂತೆ ತಾಪೀ ಹೇಳಿ ಕಳಿಸಿದ. ಮಧ್ಯಂತರಕ್ಕೆ ಸ್ವಲ್ಪ ಮೊದಲು, ಕಾರ್ನರ್‌ನಿಂದ ಬಂದ ಚೆಂಡನ್ನು ಬೋಲಿ ತಲೆಯಿಂದ ಗೋಲಿಗೆ ಕಳಿಸಿದ. 1–0. ಪೆಟ್ಟಾಗದಿರಲೆಂದು ಹಣ ಚೆಲ್ಲಿದ ತಂಡಕ್ಕೆ ಕಪ್ ತಂದುಕೊಟ್ಟವನು ಕುಂಟುತ್ತಿದ್ದವನೇ! ಆಗ ಗೋಥಾಲ್ಸ್ ಅವರಿಗೆ 71 ವರ್ಷ. ಅಷ್ಟು ವಯಸ್ಸಿನಲ್ಲಿ ಆ ಕಪ್ ಗೆದ್ದ ವ್ಯವಸ್ಥಾಪಕ ಇನ್ನೊಬ್ಬರಿಲ್ಲ.

ಯುರೋಪಿನ ಕಪ್ ಮಾರ್ಸೇಯಲ್ಲೇ ಉಳಿಯಿತು. ಫ್ರಾನ್ಸಿನ ಲೀಗ್ ಪ್ರಶಸ್ತಿಯನ್ನು ಕಿತ್ತುಕೊಂಡರು. 1994ರಲ್ಲಿ ಕ್ಲಬ್ಬನ್ನು ಎರಡನೆಯ ದರ್ಜೆಗೆ ಇಳಿಸಿದರು. ತಾಪೀ ಜೈಲಿಗೆ ಹೋದ. ಗೋಥಾಲ್ಸ್ ಮೇಲೆ ಈ ಸಲ ಮೊಕದ್ದಮೆ ಇರಲಿಲ್ಲ. ಆದ್ದರಿಂದ 1982ರ ಕಳಂಕವನ್ನು 1993ಕ್ಕೂ ಎಳೆದು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಎರಡು ಘಟನೆಗಳ ತರ್ಕ ಒಂದೇ ಎಂಬುದನ್ನು ಮರೆಯುವುದೂ ಸರಿಯಲ್ಲ. ಎರಡು ಸಲವೂ ತಂಡ ಬಲಿಷ್ಠವಾಗಿಯೇ ಇತ್ತು, ಆಡಿಯೇ ಗೆಲ್ಲಬಹುದಿತ್ತು. ಹಣ ಕೊಡಿಸಿದ್ದು ಸೋಲುತ್ತೇವೆಂಬ ಅನುಮಾನಕ್ಕಿಂತ ಹೆಚ್ಚಾಗಿ, ಯಾವುದನ್ನೂ ಅದೃಷ್ಟಕ್ಕೆ ಬಿಡಬಾರದೆಂಬ ಎಚ್ಚರ. ಗೋಲ್‌ಕೀಪರನ ಗುಣವೆಂದು ಆರಂಭದಲ್ಲಿ ಹೇಳಿದೆನಲ್ಲ, ಅದೇ.

ಗೋಥಾಲ್ಸ್ 2004ರ ಡಿಸೆಂಬರ್ 6ರಂದು ತೀರಿಕೊಂಡರು. ಬೆಲ್ಜಿಯಂನಲ್ಲೂ ಮಾರ್ಸೇಯಲ್ಲೂ ಅವರನ್ನು ಇಂದಿಗೂ ಅಕ್ಕರೆಯಿಂದ ನೆನೆಯುತ್ತಾರೆ, ನೆನೆಯಲಿ. ಅದರ ಜೊತೆಗೆ ಗ್ಲಾಸ್‌ಮನ್‌ನನ್ನೂ ನೆನೆಯಬೇಕೆಂದು ನನ್ನ ಬಿನ್ನಹ. ಹಣ ಬೇಡವೆಂದದ್ದಕ್ಕೆ ಆತನನ್ನು ಎಷ್ಟೋ ಮೈದಾನಗಳಲ್ಲಿ ಪ್ರೇಕ್ಷಕರು ಕೂಗಿ ಅವಮಾನಿಸಿದರು. 1995ರಲ್ಲಿ ಫಿಫಾ ಆತನಿಗೆ ಫೇರ್ ಪ್ಲೇ ಪ್ರಶಸ್ತಿ ಕೊಟ್ಟಿತು. ಆತ ಕಪ್ ಗೆಲ್ಲಲಿಲ್ಲ. ಆದರೆ ಆ ವಾರ ಎದುರಿಗೆ ಬಂದ ಹೊಡೆತಗಳಲ್ಲಿ ತಡೆಯಲೇಬೇಕಾದ ಒಂದನ್ನು ತಡೆದವನು ಆತನೇ.