ಪಟ್ಟಿಯೂ ಒಂದು ಸುದ್ದಿ

ಕೊಡಗಿನ ಶ್ರೀಮಂಗಲದಿಂದ ಬಿರುನಾಣಿ ಕಡೆಗೋ ಕುಟ್ಟದ ಕಡೆಗೋ ಹೊರಟರೆ ರಸ್ತೆಗೆ ಮನೆಗಳು ಕಾಣುವುದು ಕಡಿಮೆ. ತೋಟದ ಗೇಟು ಕಾಣುತ್ತದೆ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಕಾಣುತ್ತದೆ, ಮನೆ ಇನ್ನೆಲ್ಲೋ ಒಳಗೆ. ಎಷ್ಟೋ ಮನೆಗಳಲ್ಲಿ ಈಗ ವಯಸ್ಸಾದವರು ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ಸೈನ್ಯದಲ್ಲಿ, ಹೊರದೇಶದಲ್ಲಿ. ಹೀಗೆ ದೂರ ದೂರ ಇರುವವರನ್ನು ಹತ್ತಿರ ಇಟ್ಟಿರುವುದು ಮೊಬೈಲು. ಕಾಫಿ ಹೂವರಳಿಸುವ ಹೂಮಳೆ ಯಾರ ತೋಟಕ್ಕೆ ಎಷ್ಟು ಇಂಚು, ಎಷ್ಟು ಸೆಂಟು ಬಿತ್ತು ಎಂಬುದು ಅದರಲ್ಲೇ ಬರುತ್ತದೆ. ರಾತ್ರಿ ಆನೆ ಯಾವ ಕಡೆ ದಾಟಿತು ಎಂಬುದೂ ಅದರಲ್ಲೇ. ಒಕ್ಕದ ಅಂದರೆ ಮನೆತನದ ಸಭೆ, ಸಂಘದ ಲೆಕ್ಕಪತ್ರ, ಪುತ್ತರಿ ಹಬ್ಬಕ್ಕೆ ಒಕ್ಕದ ಮೂಲಮನೆಯಾದ ಐನ್‌ಮನೆಗೆ ಬರುವವರ ವಿವರ, ಇಂಥವಕ್ಕೆ ಈಮೇಲ್.

ಇಂಥ ಈಮೇಲ್ ತೆರೆದಾಗ ಸಾಮಾನ್ಯವಾಗಿ ಏನಾಗುತ್ತದೆ? ಎರಡು ಸಾಲಿನ ವಿಷಯ ಓದಲು ಎಂಬತ್ತು ಜನರ ವಿಳಾಸ ದಾಟಿ ಹೋಗಬೇಕು. ಕಳಿಸಿದವರು ಎಲ್ಲರನ್ನೂ 'ಟು' ಎಂಬ ಜಾಗದಲ್ಲೇ ತುಂಬಿರುತ್ತಾರೆ. ಅದರ ಕೆಳಗೇ 'ಬಿಸಿಸಿ' ಎಂಬ ಇನ್ನೊಂದು ಜಾಗ ಇದೆ. ಅಲ್ಲಿ ಹಾಕಿದರೆ ಪತ್ರ ಎಲ್ಲರಿಗೂ ಮುಟ್ಟುತ್ತದೆ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಇದೇನೂ ಹೊಸ ಸೌಕರ್ಯವಲ್ಲ. ಟೈಪ್‌ರೈಟರ್ ಕಾಲದಲ್ಲಿ ಕಾರ್ಬನ್ ಇಟ್ಟು ತೆಗೆದ ಪ್ರತಿಯ ಹೆಸರನ್ನೇ ಹೊತ್ತು, ಈಮೇಲಿನ ಆರಂಭದ ವರ್ಷಗಳಿಂದಲೂ ಅದು ಅಲ್ಲೇ ಕೂತಿದೆ.

"ನಮ್ಮೂರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಮುಚ್ಚಿಡುವುದಕ್ಕೆ ಏನಿದೆ?" ಎಂದು ಕೇಳುವವರಿದ್ದಾರೆ. ಹಿಂದೆ ಟೆಲಿಫೋನ್ ಇಲಾಖೆಯವರೇ ಎಲ್ಲರ ಹೆಸರು, ನಂಬರು ಅಚ್ಚು ಹಾಕಿಸಿ ಮನೆಮನೆಗೆ ಡೈರೆಕ್ಟರಿ ಕೊಡುತ್ತಿರಲಿಲ್ಲವೇ ಎಂದೂ ಕೇಳುತ್ತಾರೆ. ಕೇಳಬೇಕಾದ ಮಾತೇ. ಆದರೆ ಡೈರೆಕ್ಟರಿಯಿಂದ ಗೊತ್ತಾಗುತ್ತಿದ್ದದ್ದು ಇಷ್ಟೇ, ಈ ಮನೆಯಲ್ಲಿ ಫೋನಿದೆ ಎಂದು. ಸಾಲದ ಕಂತು ನೆನಪಿಸುವ ಪತ್ರ ನಲವತ್ತು ಜನರಿಗೆ ಒಟ್ಟಿಗೆ ಹೋದರೆ, ನಲವತ್ತು ಮನೆಯ ಸಾಲದ ಸುದ್ದಿ ನಲವತ್ತು ಮನೆಗೂ ಹೋಯಿತು. ಕಾಯಿಲೆಯ ತಪಾಸಣೆಗೆ ಬನ್ನಿ ಎಂಬ ಪತ್ರವಾದರೂ ಹಾಗೆಯೇ. ಪುತ್ತರಿಗೆ ಈ ಸಲ ಬರಲಾಗದವರಿಗೆ ಎಂದು ಪ್ರೀತಿಯಿಂದಲೇ ಬರೆದ ಪತ್ರ ಯಾರದೋ ಕೈಗೆ ಸಿಕ್ಕಿದರೆ, ಯಾವ ಯಾವ ತೋಟದ ಮನೆಗೆ ಬೀಗ ಬಿದ್ದಿದೆ ಎಂದು ಅವನು ಕೂತಲ್ಲೇ ತಿಳಿದುಕೊಳ್ಳುತ್ತಾನೆ. ಪತ್ರದಲ್ಲಿ ಗುಟ್ಟು ಇರಬೇಕೆಂದೇನಿಲ್ಲ. ಗುಟ್ಟು ಪಟ್ಟಿಯಲ್ಲಿರುತ್ತದೆ.

ಲಂಡನ್ನಿನಲ್ಲಿ ಆದದ್ದು ಇದೇ. 2015ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಒಂದು ಚಿಕಿತ್ಸಾಲಯ, ಹೆಚ್ಚಿನವರು ಎಚ್‌ಐವಿ ಸೋಂಕಿತರೇ ಇದ್ದ ಒಂದು ಪಟ್ಟಿಗೆ ಸುದ್ದಿಪತ್ರ ಕಳಿಸಿತು. ಸುಮಾರು 780 ವಿಳಾಸಗಳು ಬಿಸಿಸಿಗೆ ಹೋಗುವ ಬದಲು 'ಟು' ಜಾಗಕ್ಕೆ ಬಿದ್ದವು. ಸುದ್ದಿಪತ್ರದಲ್ಲಿ ಯಾರ ಕಾಯಿಲೆಯ ಮಾತೂ ಬೇಕಿರಲಿಲ್ಲ, ವಿಳಾಸಗಳೇ ಎಲ್ಲ ಹೇಳಿದವು. 2021ರಲ್ಲಿ ಅದೇ ದೇಶದ ರಕ್ಷಣಾ ಇಲಾಖೆ ಇನ್ನೂ ಭಯಂಕರವಾದ ಎಡವಟ್ಟು ಮಾಡಿತು. ತಾಲಿಬಾನ್ ಕೈಗೆ ಅಫ್ಘಾನಿಸ್ತಾನ ಹೋದ ಮೇಲೆ, ಬ್ರಿಟಿಷರ ಜೊತೆ ಕೆಲಸ ಮಾಡಿ ಜೀವ ಉಳಿಸಿಕೊಳ್ಳಲು ಕಾಯುತ್ತಿದ್ದವರಿಗೆ ಬರೆದ ಪತ್ರಗಳಲ್ಲಿ ಒಟ್ಟು 265 ಜನರ ವಿಳಾಸ ಬಯಲಾಯಿತು. ಕೆಲವರ ವಿಳಾಸದ ಜೊತೆ ಫೋಟೋ ಕೂಡ ಇತ್ತು. ಇಬ್ಬರು ಎಲ್ಲರಿಗೂ ಹೋಗುವ ಹಾಗೆ ಉತ್ತರ ಬರೆದರು. ಅವರಲ್ಲಿ ಒಬ್ಬರು ತಾವಿರುವ ಜಾಗವನ್ನೂ ತಿಳಿಸಿಬಿಟ್ಟರು. ಇಲಾಖೆಗೆ ಮೂರೂವರೆ ಲಕ್ಷ ಪೌಂಡ್ ದಂಡ ಬಿತ್ತು. ಯಾರಿಗೂ ಕೇಡು ಮಾಡುವ ಉದ್ದೇಶ ಇರಲಿಲ್ಲ. ಅವಸರ ಇತ್ತು.

ಇದು ಹೊರಗಿನವರ ಕಥೆ ಎನ್ನಬೇಡಿ. 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಹಬ್ಬುತ್ತಿದ್ದಾಗ, ನಮ್ಮ ರಾಜ್ಯ ಸರ್ಕಾರವೇ ವಿದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನ್ ಆಗಿದ್ದವರ ವಿಳಾಸಗಳನ್ನು ಪ್ರಕಟಿಸಿತ್ತು. ಆ ಪಟ್ಟಿಗಳು ವಾಟ್ಸಾಪ್ಪಿನಲ್ಲಿ ಕೈಯಿಂದ ಕೈಗೆ ಹಾರಿದವು. ಕಾಯಿಲೆಯೇ ಇಲ್ಲದವರನ್ನೂ ನೆರೆಹೊರೆ ಹೇಗೆ ನೋಡಿತು ಎಂಬುದು ಆ ದಿನಗಳನ್ನು ಕಂಡವರಿಗೆ ನೆನಪಿದೆ. ಬೇರೆ ಕೆಲವು ಕಡೆ ಸೋಂಕಿತರ ಮನೆ ಬಾಗಿಲಿಗೆ ಪೋಸ್ಟರ್ ಅಂಟಿಸುತ್ತಿದ್ದರು. ಅದು ಬೇಕಾಬಿಟ್ಟಿ ನಡೆಯಕೂಡದೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಖಾಸಗಿತನ ಮೂಲಭೂತ ಹಕ್ಕು ಎಂದು ಅದೇ ಕೋರ್ಟ್ ಹಿಂದೆಯೇ ಕೊಟ್ಟಿದ್ದ ತೀರ್ಪಿಗೆ ಕಾರಣರಾದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಆ ಹಕ್ಕನ್ನು ಎತ್ತಿಹಿಡಿದರು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ ಕಾಯ್ದೆಯೂ ಬಂತು. ಆದರೆ ಮನೆಯ ವ್ಯವಹಾರಕ್ಕೆ, ಸ್ವಂತದ ಬಳಕೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಚಿಕ್ಕಮ್ಮನ ಮಗನ ಮದುವೆಗೆಂದು ಪಡೆದ ವಿಳಾಸಗಳಿಗೆ ನಾನು ನಾಳೆ ಸೈಟ್ ಮಾರಾಟದ ಜಾಹೀರಾತು ದಾಟಿಸಿದರೂ, ನನ್ನ ಬಳಿ ಪಟ್ಟಿ ಇದೆ ಎಂದು ಇನ್ನೊಬ್ಬರಿಗೆ ಕೊಟ್ಟರೂ, ಪೊಲೀಸರೇನೂ ಬರಲಿಕ್ಕಿಲ್ಲ. ಆದರೆ ನೆಂಟರು ವಿಳಾಸ ಕೊಟ್ಟದ್ದು ನನಗೆ, ಮದುವೆಗೆ. ಊರಿಗೆ ಹಂಚಲಿಕ್ಕಲ್ಲ.

ಮದುವೆ ಕಾಗದದ ವಿಷಯದಲ್ಲಿ ನಮಗೆ ಇದು ಚೆನ್ನಾಗಿ ತಿಳಿದಿತ್ತು. ಲಕೋಟೆಯ ಮೇಲೆ ಒಂದು ಮನೆಯ ಹೆಸರು. ಕರೆದ ಐನೂರು ಮನೆಗಳ ಪಟ್ಟಿಯನ್ನು ಲಕೋಟೆಗೆ ಅಂಟಿಸಿ ಯಾರೂ ಕಳಿಸಲಿಲ್ಲ.

ಮುಚ್ಚುವುದೇ ದೊಡ್ಡ ಗುಣ ಎಂದೂ ನಾನು ಹೇಳುತ್ತಿಲ್ಲ. ಇದೇ ಬಿಸಿಸಿಯನ್ನು ಕಳ್ಳಕಿಂಡಿ ಮಾಡಿಕೊಂಡವರೂ ಇದ್ದಾರೆ. ಸಹೋದ್ಯೋಗಿಗೆ ನಯವಾಗಿ ಬರೆದು, ಆತನಿಗೆ ತಿಳಿಯದ ಹಾಗೆ ಮೇಲಧಿಕಾರಿಗೊಂದು ಪ್ರತಿ. ಆಸ್ತಿ ಪಾಲಿನ ಮಾತು ನಡೆಯುವಾಗ ಅಣ್ಣನಿಗೆ ಬರೆದದ್ದನ್ನು ವಕೀಲರಿಗೆ ಗುಟ್ಟಾಗಿ ತೋರಿಸುವುದು. ಇದು ಸಣ್ಣತನ, ಬೇರೆ ಹೆಸರು ಬೇಡ. ಐದು ಜನರ ಸಮಿತಿ ಒಂದು ತೀರ್ಮಾನಕ್ಕೆ ಬರಬೇಕಾದರೆ ಐವರ ಹೆಸರೂ ಎದುರಿಗೇ ಇರಲಿ, ಯಾರು ಏನು ಹೇಳಿದರೆಂದು ಎಲ್ಲರಿಗೂ ಕಾಣಲಿ. ಉತ್ತರ ಬರೆಯುವ ಅಗತ್ಯ ಇಲ್ಲದ ನೂರು ಜನರಿಗೆ ತಿಳಿವಳಿಕೆ ಪತ್ರ ಕಳಿಸುವಾಗ ಮಾತ್ರ ಬಿಸಿಸಿ. ಆಗಲೂ ಮೊದಲ ಸಾಲಿನಲ್ಲೇ, ಈ ಪತ್ರ ಒಕ್ಕದ ಎಲ್ಲ ಮನೆಗಳಿಗೂ ಹೋಗಿದೆ ಎಂದು ಬರೆದುಬಿಟ್ಟರೆ ಯಾರಿಗೂ ಕದ್ದಂತಾಗುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲೂ ಇದೇ ತೊಡಕು. ಗುಂಪಿಗೆ ಸೇರಿಸಿದ ಕೂಡಲೇ ಅವರ ನಂಬರು ಅಲ್ಲಿದ್ದವರೆಲ್ಲರ ಕೈಗೆ ಹೋಯಿತು. ಹೆಣ್ಣುಮಕ್ಕಳಿಗೆ ಇದರ ಕಾಟ ಎಂಥದೆಂದು ಅವರನ್ನೇ ಕೇಳಿ. ಅಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ಎಂಬುದಿದೆ, 256 ಜನರ ತನಕ ಒಮ್ಮೆಗೇ ಕಳಿಸಬಹುದು, ಒಬ್ಬರದು ಒಬ್ಬರಿಗೆ ಕಾಣದು. ನಿಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರಬೇಕು, ಅಷ್ಟೇ.

ನಿಮ್ಮ ಸಂಘದ ಕಾರ್ಯದರ್ಶಿ ನೀವೇ ಆಗಿದ್ದರೆ, ಮುಂದಿನ ಮಹಾಸಭೆಯ ತಿಳಿವಳಿಕೆ ಕಳಿಸುವಾಗ 'ಟು' ಎಂಬಲ್ಲಿ ನಿಮ್ಮದೇ ವಿಳಾಸ ಹಾಕಿ, ಸದಸ್ಯರನ್ನೆಲ್ಲ ಬಿಸಿಸಿಗೆ ಸೇರಿಸಿ. ಮನೆಯಲ್ಲಿ ಹಿರಿಯರು ಈಮೇಲ್ ಕಳಿಸುವವರಾದರೆ ಆ ಜಾಗ ಎಲ್ಲಿದೆ ಎಂದು ಇವತ್ತೇ ತೋರಿಸಿಕೊಡಿ. ಬಂದ ಪತ್ರವನ್ನು ಮುಂದೆ ದಾಟಿಸುವ ಮೊದಲು ಅದರಲ್ಲಿರುವ ಹಳೆಯ ವಿಳಾಸಗಳನ್ನು ಅಳಿಸಿ ಕಳಿಸಿ.