ಕಾರ್ತಿಕದ ಸಾವಧಾನ



ಕಾರ್ತಿಕ ಮಾಸವು ಶರದೃತುವಿನ ಉತ್ತರಾರ್ಧ. ಮಳೆ ಹಿಂದೆಗೆದಿದೆ, ಚಳಿ ಇನ್ನೂ ಬಲಿತಿಲ್ಲ. ಬೆಳಗಾಗುವ ಹೊತ್ತಿಗೆ ಆಕಾಶಮಲ್ಲಿಗೆಯ ಹೂ ರಸ್ತೆಯ ಮೇಲೆ ಉದುರಿರುತ್ತದೆ. ಸಂಜೆ ಬೇಗನೆ ಬಂದು ಹೊಸ್ತಿಲಲ್ಲಿ ಹಣತೆಯನ್ನು ಬೇಡುತ್ತದೆ. ಈ ತಿಂಗಳಿನಲ್ಲಿ ಮನುಷ್ಯನು ಕೊಂಚ ನಿಧಾನಿಸಬೇಕೆಂದು ತಮ್ಮಲ್ಲಿ ಅರಿಕೆ ಮಾಡಲು ಬಂದಿದ್ದೇನೆ. ಹಾಗೆ ಹೇಳುವ ಯೋಗ್ಯತೆ ನನಗೆ ವಿಶೇಷವಾಗಿ ಉಂಟೆಂದಲ್ಲ. ಸ್ವಭಾವತಃ ನಾನು ಅವಸರದವನು. ನಿಧಾನವನ್ನು ನಾನಾಗಿ ಕಲಿಯಲಿಲ್ಲ. ಅದು ನನ್ನ ಮೇಲೆ ಬಂದು ಬಿದ್ದಿತು.

ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವುದು ನನ್ನ ವೃತ್ತಿ. ಶರತ್ಕಾಲವನ್ನು ಕುರಿತು ಕೀಟ್ಸ್ ಕವಿಯು ಬರೆದ ಗೀತೆಯನ್ನು ವರ್ಷವರ್ಷವೂ ಪಾಠ ಹೇಳುತ್ತೇನೆ. 1819ರ ಸೆಪ್ಟೆಂಬರ್ 19ರಂದು, ವಿಂಚೆಸ್ಟರ್ ಪಟ್ಟಣದ ಹೊರಗೆ ಕೊಯ್ಲಾದ ಹೊಲಗಳ ಕಡೆ ತಿರುಗಾಡಿ ಬಂದು ಅವನು ರಚಿಸಿದ ಪದ್ಯವದು. ಆಗ ಅವನಿಗೆ 23 ವರ್ಷ. ತಮ್ಮನನ್ನು ಕ್ಷಯರೋಗವು ಕೊಂಡೊಯ್ದು ಒಂದು ವರ್ಷವೂ ತುಂಬಿರಲಿಲ್ಲ. ಅವನೇ ಮುಂದೆ ಒಂದೂವರೆ ವರ್ಷ ಉಳಿಯಲಿಲ್ಲ. ಆದರೂ ಪದ್ಯದಲ್ಲಿ ಗೋಳಿಲ್ಲ, ಆತುರವಿಲ್ಲ. ಅಷ್ಟು ಅಲ್ಪಾಯುವಾದವನು ಅಷ್ಟು ಸಾವಕಾಶವಾಗಿ ನೋಡಿದ್ದನ್ನು, ದೀರ್ಘಾಯುವಾಗಬೇಕೆಂದಿರುವ ನಾನು, ಪರೀಕ್ಷೆಯ ಭಯದಿಂದ ಮುಕ್ಕಾಲು ಗಂಟೆಯಲ್ಲಿ ಮುಗಿಸಿಬಿಡುತ್ತಿದ್ದೆನು.

ಆ ಶರತ್ತು ಬೇರೆ, ನಮ್ಮದು ಬೇರೆ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ನಮ್ಮ ಕಾರ್ತಿಕಕ್ಕೆ ಲಕ್ಷಣವನ್ನು ಹುಡುಕುವುದಾದರೆ ನಾನು ಕಡಲೆಕಾಯಿಯನ್ನು ತೋರಿಸುವೆನು. ಅದರ ವೃತ್ತಾಂತ ವಿಚಿತ್ರವಾದುದು. ಹೂ ಬಿಡುವುದು ಗಾಳಿ ಬೆಳಕಿನಲ್ಲಿ. ಕಾಯಿ ಕಟ್ಟುವುದು ಕತ್ತಲೆಯಲ್ಲಿ. ಹೂವಿನಲ್ಲಿ ಗರ್ಭ ನಿಂತಮೇಲೆ ಸಣ್ಣದೊಂದು ತೊಟ್ಟು ಕೆಳಮುಖವಾಗಿ ಬೆಳೆದು ಮಣ್ಣನ್ನು ಹೊಗುತ್ತದೆ, ಅಲ್ಲಿ ಕಾಯಾಗುತ್ತದೆ. ಬಿತ್ತಿದ ರೈತನಿಗೆ ತನ್ನ ಫಸಲು ಕಣ್ಣಿಗೆ ಕಾಣುವುದಿಲ್ಲ. ನಾಲ್ಕು ತಿಂಗಳು ಕಾದು, ಒಂದು ಗಿಡವನ್ನು ಕಿತ್ತು, ಸಿಪ್ಪೆಯ ಒಳಮೈ ಕಂದಿದೆಯೆ ಎಂದು ನೋಡಿ, ಬಲಿತಿದೆಯೆಂದು ತಿಳಿಯಬೇಕು. ಅವಸರಪಟ್ಟರೆ ಜೊಳ್ಳು.

ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ಸೇರುವುದನ್ನು ತಾವು ಬಲ್ಲಿರಿ. ಸುಂಕೇನಹಳ್ಳಿಯ ಸುತ್ತಿನ ಹೊಲಗಳಲ್ಲಿ ಬೆಳೆದ ಕಾಯನ್ನು ಬಸವನೊಂದು ಮೇಯುತ್ತಿತ್ತೆಂದೂ, ಮೊದಲ ಫಸಲನ್ನು ಅವನಿಗೇ ಒಪ್ಪಿಸುವುದಾಗಿ ರೈತರು ಹರಕೆ ಹೊತ್ತರೆಂದೂ ಐತಿಹ್ಯ. ದಕ್ಷಿಣ ಅಮೆರಿಕದಿಂದ ಬಂದ ಬೆಳೆಯಿದು. ನಮ್ಮ ಬಸವಣ್ಣನು ಸ್ವದೇಶಿ ಪರದೇಶಿಯೆಂದು ಎಣಿಸಿದಂತೆ ಕಾಣುವುದಿಲ್ಲ. ಹೊಲಗಳು ಹೋಗಿ ಬೀದಿಗಳಾದುವು. ಹರಕೆ ಮಾತ್ರ ನಿಂತಿದೆ. ಕಳ್ಳನಿಗೆ ಕೃತಜ್ಞತೆಯೆ ಎಂದು ನನ್ನ ವಿದ್ಯಾರ್ಥಿಯೊಬ್ಬನು ಕೇಳಿದನು. ಉತ್ತರ ಹೊಳೆಯಲಿಲ್ಲ. ತಿಂದು ಉಳಿದದ್ದೂ ನಮ್ಮ ಸಂಪಾದನೆಯಷ್ಟೇ ಅಲ್ಲವೆಂದು ರೈತನಿಗೆ ತೋರಿದ್ದಿರಬಹುದು.

ನಮ್ಮ ತಂದೆಯವರು ಹುಡುಗರಾಗಿದ್ದಾಗ ಆ ಊರಿನಲ್ಲಿ ವಾರಾನ್ನದಿಂದ ಓದಿದವರು. ವಾರಕ್ಕೆ ಏಳು ಮನೆ, ದಿನಕ್ಕೊಂದು ಎಲೆ. ಆ ಏರ್ಪಾಡು ಎಲ್ಲ ಜಾತಿಯ ಬಾಲಕರಿಗೂ ಸಮನಾಗಿ ಒದಗಲಿಲ್ಲವೆಂಬುದನ್ನು ಮರೆಯತಕ್ಕದ್ದಲ್ಲ. ಒದಗಿದವರ ಪಾಲಿಗೆ ಅದೇ ವಿಶ್ವವಿದ್ಯಾನಿಲಯ. ಸೋಮವಾರದ ಮನೆ ಪರಿಷೆಯ ಬೀದಿಗೆ ಸಮೀಪದಲ್ಲಿತ್ತು. ತಂದೆಯವರು ಉದ್ಯೋಗ ಹಿಡಿದ ಮೇಲೆ ಪ್ರತಿವರ್ಷವೂ ಪರಿಷೆಯಲ್ಲಿ ಎರಡು ಸೇರು ಕಾಯನ್ನು ಕೊಂಡು ಆ ಮನೆಗೆ ಹೋಗುವರು. ಅನ್ನವಿಟ್ಟ ತಾಯಿಯ ಕಾಲವಾದ ಮೇಲೆ ಅವರ ಸೊಸೆ ಅದನ್ನು ಉಪ್ಪು ಹಾಕಿ ಬೇಯಿಸುವರು. ಬೇಯುವವರೆಗೆ ಏನೋ ಮಾತು. ಉಪಕಾರದ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಜೊತೆಯಲ್ಲಿ ಹೋದ ನನಗೆ ಆ ಒಂದು ಗಂಟೆ ಒಂದು ಯುಗವಾಗುತ್ತಿತ್ತು.

ತಂದೆಯವರು ತೀರಿಕೊಂಡ ವರ್ಷ ನಾನೇ ಕೊಂಡುಹೋಗಿ ಕೊಟ್ಟು ಬಂದೆನು, ಕುಳಿತುಕೊಳ್ಳಲಿಲ್ಲ. ಮರುವರ್ಷ ಉತ್ತರಪತ್ರಿಕೆಗಳು ಅಡ್ಡಬಂದುವು. ಅದರ ಮರುವರ್ಷ ಏನು ಅಡ್ಡಬಂದಿತೆಂಬುದು ನೆನಪಿಲ್ಲ.

ಕಳೆದ ವರ್ಷ ಆಶ್ವಯುಜದಲ್ಲಿ ಜ್ವರ ಹಿಡಿದು ಹಾಸಿಗೆಯಲ್ಲಿ ಕೆಡಹಿತು. ಏಳುವ ಹೊತ್ತಿಗೆ ಕಾರ್ತಿಕ ಅರ್ಧ ಕಳೆದಿತ್ತು. ಶರತ್ತು ಪಿತ್ತವು ಕೆರಳುವ ಕಾಲವೆಂದೂ, ಹೇಮಂತ ಬಂದಮೇಲೆ ಜಠರಾಗ್ನಿ ಬಲಗೊಳ್ಳುವುದೆಂದೂ ವಾಗ್ಭಟಾಚಾರ್ಯರು ಹೇಳುತ್ತಾರೆ. ಹೋಗುವ ಋತುವಿನ ಕಡೆಯ ಏಳು ದಿನ, ಬರುವ ಋತುವಿನ ಮೊದಲ ಏಳು ದಿನ, ಇವು ಋತುಸಂಧಿ. ಹಳೆಯ ಪಥ್ಯವನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲಮೆಲ್ಲನೆ ಹಿಡಿಯಬೇಕೆಂದು ಅವರ ವಿಧಿ. ವೈದ್ಯಶಾಸ್ತ್ರದ ಇತರ ಮಾತುಗಳನ್ನು ತೂಗಿನೋಡುವ ಶಕ್ತಿ ನನಗಿಲ್ಲ. ಈ ‘ಮೆಲ್ಲಮೆಲ್ಲನೆ’ಯನ್ನು ಮಾತ್ರ ಮೈಯಿಂದ ಬಲ್ಲೆ. ಎಳೆಬಿಸಿಲಿನಲ್ಲಿ ಕುಳಿತು ತಾಯಿಯವರೊಡನೆ ಹೊಸ ಅವರೆಕಾಯಿ ಸುಲಿದೆನು. ನೆಲ್ಲಿಯ ಮರದ ಕೆಳಗೆ ನೆರೆಯವರು ಮಾಡಿದ ವನಭೋಜನಕ್ಕೆ ಹೋಗಿ, ಊಟವಾದ ಮೇಲೆ ಗಡಿಯಾರವನ್ನು ನೋಡದೆ ಉಳಿದೆನು. ಬಹುದಿನದಿಂದ ಕಾಣದಿದ್ದವುಗಳು ಕಂಡುವು. ಕಂಡವುಗಳಲ್ಲಿ ಸೋಮವಾರದ ಮನೆಯೂ ಒಂದು.

ಪರಿಷೆಯ ದಿನ ಕೋಲೂರಿಕೊಂಡು, ಎರಡು ಸೇರು ಕಾಯಿ ಹಿಡಿದು ಹೋದೆನು. ಬಾಗಿಲು ತೆರೆದವಳು ಆ ಮನೆಯ ಈಗಿನ ಸೊಸೆ. ಅತ್ತೆಯವರು ಚೈತ್ರದಲ್ಲಿ ಹೋದರೆಂದಳು. ಹಿಂದಿನ ಎರಡು ಕಾರ್ತಿಕಗಳಲ್ಲಿಯೂ ಆ ಸಂಜೆ ಅವರು ಕಾಯಿ ಬೇಯಿಸುವ ತಪ್ಪಲೆಯನ್ನು ಅಟ್ಟದಿಂದ ಇಳಿಸಿ, ಬೆಳಗಿಸಿ ಇಟ್ಟಿದ್ದರಂತೆ; ಕತ್ತಲಾದ ಮೇಲೆ ತಾವೇ ಮೇಲಕ್ಕೆ ಇಡಿಸಿದರಂತೆ. ಈ ಮಾತಿನಲ್ಲಿ ಆಕ್ಷೇಪಣೆ ಎಳ್ಳಷ್ಟೂ ಇರಲಿಲ್ಲ. ಅದರಿಂದಲೇ ನನಗೆ ಉತ್ತರ ಕೊಡಲು ಆಗಲಿಲ್ಲ.

ಆಕೆ ಅದೇ ತಪ್ಪಲೆಯನ್ನು ತಂದು ಕಾಯನ್ನು ತೊಳೆದು ಒಲೆಯ ಮೇಲಿಟ್ಟಳು. ಉಪ್ಪು ಎಷ್ಟೆಂದು ನನ್ನನ್ನು ಕೇಳಿದಳು. ಹೊರಗೆ ಪರಿಷೆಯ ಗದ್ದಲ, ಮಕ್ಕಳ ಪೀಪಿಗಳು. ಕಾಯಿ ಬೇಯುವವರೆಗೂ ನಾನು ಕುಳಿತಿದ್ದೆನು.

ಈ ವರ್ಷದ ಕಡೆಯ ಸೋಮವಾರಕ್ಕೆ ಇನ್ನು ಎಂಟು ದಿನ ಉಳಿದಿದೆ. ಆ ಸಂಜೆ ನನ್ನನ್ನು ಕಾಣಬೇಕೆಂದಿರುವ ಮಿತ್ರರು ದಯವಿಟ್ಟು ಮರುದಿನ ಬರುವುದು.