ಎರಡು ಬಾಗಿಲುಗಳ ನಡುವೆ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದು, ಪದವಿಪೂರ್ವ ಕಾಲೇಜಿನ ಅರ್ಜಿ ಮನೆಗೆ ಬಂದ ದಿನದಿಂದ ತಂದೆತಾಯಿಗಳ ಮನಸ್ಸನ್ನು ಕಾಡುವ ಪ್ರಶ್ನೆಯೊಂದಿದೆ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಜೀವಶಾಸ್ತ್ರವನ್ನು ಕೊಡಿಸುವುದೋ, ಕಂಪ್ಯೂಟರ್ ವಿಜ್ಞಾನವನ್ನೋ? "ಪಿಸಿಎಂಬಿ ಇರಲಿ, ಎರಡು ಬಾಗಿಲೂ ತೆರೆದಿರುತ್ತವೆ" ಎಂಬ ಬಂಧುಗಳ ಮಾತು ಹಿತವಾದುದೇ ಸರಿ; ಆದರೆ ವೈದ್ಯಕೀಯಕ್ಕೆ ಒಯ್ಯುವ ನೀಟ್ ಪರೀಕ್ಷೆಯಲ್ಲಿ ಗಣಿತವೇ ಇಲ್ಲದೆ, ಅದರ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೇ ಮೀಸಲಾಗಿರುವಾಗ, ಇಂಜಿನಿಯರಿಂಗಿಗಾದರೋ ಗಣಿತವೇ ಆಧಾರವಾಗಿರುವಾಗ, ಎರಡು ಬಾಗಿಲುಗಳನ್ನೂ ಕಾಯುವ ಕೆಲಸ ಹದಿನಾರರ ಹರೆಯದ ಒಂದೇ ಜೀವದ ಪಾಲಿಗೆ ಬರುತ್ತದೆಂಬುದನ್ನು ನಾವು ಅಷ್ಟಾಗಿ ಎಣಿಸುವುದಿಲ್ಲ.

ನಸುಕಿನಲ್ಲೆದ್ದು, ಕಾಲೇಜನ್ನೂ ಟ್ಯೂಷನ್ನನ್ನೂ ಮುಗಿಸಿ ರಾತ್ರಿ ಮರಳಿದ ಮಗಳು, ಎಡಗೈಯಲ್ಲಿ ಸೂತ್ರಗಳ ಚೀಟಿಯನ್ನು ಹಿಡಿದೇ ಸಾರನ್ನವನ್ನು ಕಲಸುತ್ತಿರುವಾಗ, "ಟೆಸ್ಟಿನಲ್ಲಿ ಎಷ್ಟು ಬಂತಮ್ಮ?" ಎಂಬುದೇ ತಂದೆಯ ಮೊದಲ ಮಾತಾಗುವುದು ಅಕ್ಕರೆಯ ಕೊರತೆಯಿಂದಲ್ಲ, ಭಯದಿಂದ. ಸಾಲ ಮಾಡಿ ಶುಲ್ಕ ತೆತ್ತವರ ಆ ಭಯವನ್ನು ನಾನು ಹಳಿಯಲಾರೆ. ಆದರೆ ಅದು ಅನ್ನದ ತಟ್ಟೆಯವರೆಗೂ ಮಗುವನ್ನು ಹಿಂಬಾಲಿಸಬಾರದೆಂದು ಅಂತಃಕರಣಪೂರ್ವಕವಾಗಿ ಬೇಡುತ್ತೇನೆ.

ನಮ್ಮ ರಾಜ್ಯದ ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕನ್ನು ನಿರ್ಧರಿಸುವಾಗ ದ್ವಿತೀಯ ಪಿಯುಸಿಯ ಅಂಕಗಳಿಗೂ ಸಮಪಾಲಿರುವುದರಿಂದ, ಕಾಲೇಜಿನ ಪಾಠವನ್ನು ಕಡೆಗಣಿಸಿ ತರಬೇತಿಯೊಂದನ್ನೇ ನೆಚ್ಚಬೇಕಾದುದಿಲ್ಲ. ವೈದ್ಯರಾಗುವ ಆಸೆಯಿಲ್ಲದ ಮಗುವಿಗೆ ಜೀವಶಾಸ್ತ್ರದ ಹೊರೆಯನ್ನು 'ಇರಲಿ' ಎಂದು ಹೊರಿಸಬೇಕಾದುದೂ ಇಲ್ಲ. ಅರ್ಜಿಗೆ ಸಹಿ ಹಾಕುವ ಮುನ್ನ ಒಂದು ಸಂಜೆ ಮಕ್ಕಳೊಡನೆ ಸಾವಧಾನವಾಗಿ ಕುಳಿತು, ಯಾರೂ ಹೇಳದೆಯೇ ನೀನು ತೆರೆಯುವ ಪುಸ್ತಕ ಯಾವುದೆಂದು ಕೇಳಿರಿ. ಉತ್ತರ ನಮ್ಮ ಎಣಿಕೆಗೆ ವಿರುದ್ಧವಾಗಿದ್ದರೂ ಪೂರ್ತಿ ಕೇಳಿಸಿಕೊಳ್ಳಿರಿ.